ಬಚ್ಚಲ ಹಿಂದಿನಿಂದ ಶುರು ಮಾಡಿ: ಉತ್ತರ ಕನ್ನಡದ ಕಾಡು, ಕಡಲನ್ನು ವರ್ಷವಿಡೀ ನೋಡುವ ಬಗೆ

ಶಿರಸಿ ಕಡೆಯ ಹಳೇ ಮನೆಗಳಲ್ಲಿ ಬಚ್ಚಲ ನೀರು ಹರಿದು ಹೋಗುವಲ್ಲಿ ಒಂದು ಕೆಸುವಿನ ಹಿಂಡು ಇದ್ದೇ ಇರುತ್ತದೆ. ನಮ್ಮ ಮನೆಯಲ್ಲೂ ಇದೆ. ಜುಲೈ ಮೊದಲರ್ಧದ ಪುನರ್ವಸು ಮಳೆ ಹಿಡಿಯುವ ಹೊತ್ತಿಗೆ ಅದರೊಳಗಿಂದ ಒಂದು ಹುಂಡುಕೋಳಿ ಹೊರಗೆ ಬರುತ್ತದೆ. ಮುಖ, ಎದೆ ಬಿಳಿ, ಬೆನ್ನು ಕಪ್ಪು, ಬಾಲದಡಿ ಇಟ್ಟಿಗೆ ಬಣ್ಣ. ಬಾಲ ಕುಣಿಸುತ್ತ ನಾಲ್ಕು ಹೆಜ್ಜೆ ಇಟ್ಟು ನಿಂತು ನೋಡುತ್ತದೆ. ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ ಹಿಂದಿನಿಂದ ಮಸಿ ಉಂಡೆಯಂಥ ನಾಲ್ಕೈದು ಮರಿಗಳು ಹೊರಡುತ್ತವೆ. ಇದನ್ನು ನೋಡಲು ನನಗೆ ಬೇಕಾದದ್ದು ಬಚ್ಚಲ ಕಿಟಕಿ ಮತ್ತು ಹಲ್ಲುಜ್ಜುವಷ್ಟು ಹೊತ್ತು.

ದಾಂಡೇಲಿಯಲ್ಲಿ ಜೀಪು ಹತ್ತಿ ಎರಡು ತಾಸು ಸುತ್ತಿ, ಹುಲಿ ಕಾಣದೆ ಬಂದವರು "ಕಾಡಲ್ಲಿ ಏನೂ ಇಲ್ಲ ಮಾರಾಯ್ರೆ" ಎನ್ನುವುದುಂಟು. ಕಾಡು ಪ್ರಾಣಿ ಎಂದರೆ ಟಿಕೆಟ್ ಕೊಟ್ಟು ನೋಡಿ ಬರುವಂಥದ್ದು ಎಂಬ ಲೆಕ್ಕ ಇದು. ನನ್ನ ಅನುಭವ ಬೇರೆ. ನಮ್ಮ ಜಿಲ್ಲೆಯಲ್ಲಿ ಅಲೆದವರಿಗಿಂತ ಕೂತವರಿಗೆ ಹೆಚ್ಚು ಕಂಡಿದೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಎಲ್ಲಿ ಕೂರಬೇಕು, ಯಾವ ಮಳೆಯಲ್ಲಿ ಕೂರಬೇಕು, ಕೂತಾಗ ಏನನ್ನು ಮಾಡಬಾರದು ಎಂಬುದು.

ಮೊದಲು, ಒಂದು ಕೂರುವ ಜಾಗ

ಮನೆಯಿಂದ ಹತ್ತು ನಿಮಿಷದ ನಡಿಗೆಯೊಳಗೆ ಒಂದು ಜಾಗ ಆರಿಸಿಕೊಳ್ಳಿ. ಅರ್ಧ ತಾಸು ಬೈಕು ಓಡಿಸಿ ಹೋಗುವ ಜಾಗ ಬೇಡ. ಎರಡು ವಾರ ಹೋಗಿ ಬಿಟ್ಟುಬಿಡುತ್ತೀರಿ. ಘಟ್ಟದ ಮೇಲಿನವರಿಗೆ ತೋಟ ಮುಗಿದು ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಶುರುವಾಗುವ ಅಂಚಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ತೋಟದ ಹಕ್ಕಿಯೂ ಅಲ್ಲಿಗೆ ಬರುತ್ತದೆ, ಕಾಡಿನದೂ ಬರುತ್ತದೆ. ಪಕ್ಕದಲ್ಲಿ ಹಳ್ಳವೋ ಕೆರೆಯೋ ಇದ್ದರೆ ಇನ್ನೂ ಒಳ್ಳೆಯದು. ಕಾರವಾರದವರಿಗೆ ಕೋಡಿಬಾಗ ಕಡೆ ಕಾಳಿ ನದಿ ಸಮುದ್ರ ಸೇರುವ ದಂಡೆ ಇದೆ, ಬೈತಖೋಲದ ಬಂದರಿದೆ. ಪೇಟೆಯ ಫ್ಲ್ಯಾಟಿನವರಿಗೆ ತಾರಸಿಯೂ ಆದೀತು. ತೆಂಗಿನ ಗರಿಯ ಮಟ್ಟದಲ್ಲಿ ಕಣ್ಣಿರುವುದು ಸಣ್ಣ ಅನುಕೂಲವಲ್ಲ.

ಬೆಳಗ್ಗೆ ಆರೂವರೆಯಿಂದ ಎಂಟೂವರೆಯ ಒಳಗೆ ಹೋಗಿ, ಒಂದು ಮರಕ್ಕೆ ಬೆನ್ನು ಕೊಟ್ಟು ಕೂರಿ. ಬೆನ್ನ ಹಿಂದೆ ಮರವಿದ್ದರೆ ನಿಮ್ಮ ಆಕಾರ ಬಯಲಿನಲ್ಲಿ ಎದ್ದು ಕಾಣುವುದಿಲ್ಲ. ಮೊದಲ ಹತ್ತು ನಿಮಿಷ ಏನೂ ಆಗುವುದಿಲ್ಲ. ನೀವು ಬಂದ ಸುದ್ದಿ ಆಗಲೇ ಎಲ್ಲ ಕಡೆ ಹಬ್ಬಿರುತ್ತದೆ. ಅಷ್ಟರಲ್ಲೇ ಬೇಸತ್ತು ಏಳುವವರೇ ಹೆಚ್ಚು. ಹದಿನೈದನೇ ನಿಮಿಷಕ್ಕೆ ಪಿಕಳಾರ ಮತ್ತೆ ಕೂಗುತ್ತದೆ, ಎಲೆಯಡಿ ಏನೋ ಸರಿದಾಡುತ್ತದೆ. ಆಟ ಶುರುವಾಗುವುದು ಅಲ್ಲಿಂದ.

ಬೈನಾಕ್ಯುಲರ್ ಕೊಳ್ಳುವ ಮನಸ್ಸಿದ್ದರೆ 8x42 ಎಂಬ ಅಳತೆಯದ್ದು ತೆಗೆದುಕೊಳ್ಳಿ. ಎಂಟು ಎಂದರೆ ಎಂಟು ಪಟ್ಟು ಹತ್ತಿರ, 42 ಎಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ನಮ್ಮ ಕಾನುಗಳಲ್ಲಿ, ಅಂದರೆ ದಟ್ಟ ಕಾಡುಗಳಲ್ಲಿ, ಹಗಲಲ್ಲೂ ಮಬ್ಬು. 25ರ ಸಣ್ಣ ಗಾಜಿನೊಳಗೆ ಎಲ್ಲ ಹಕ್ಕಿಯೂ ಕಾಗೆಯೇ. ಇಲ್ಲದಿದ್ದರೂ ಚಿಂತೆಯಿಲ್ಲ, ಮೊದಲ ವರ್ಷ ಕಿವಿ ಸಾಕು.

ನೋಟ್‌ಬುಕ್ಕು ಮತ್ತು ಪಂಚಾಂಗ

ಇಂಗ್ಲಿಷ್ ತಿಂಗಳ ಲೆಕ್ಕದಲ್ಲಿ ಬರೆದಿಟ್ಟರೆ ನಮ್ಮ ಕಡೆಯ ಋತು ಸರಿಯಾಗಿ ಸಿಗುವುದಿಲ್ಲ ಎಂಬುದು ನನ್ನ ಹಟ. ಜೂನ್ ಮೊದಲ ವಾರಕ್ಕೂ ಕೊನೆಯ ವಾರಕ್ಕೂ ಇಲ್ಲಿ ಅಜಗಜಾಂತರ. ಮಳೆ ನಕ್ಷತ್ರಗಳಾದರೆ ಹದಿಮೂರು ಹದಿನಾಲ್ಕು ದಿನಕ್ಕೊಂದು ಬದಲಾಗುತ್ತವೆ. ಪ್ರಾಣಿಪಕ್ಷಿಗಳ ಕೆಲಸವೂ ಹೆಚ್ಚುಕಮ್ಮಿ ಅದೇ ವೇಗದಲ್ಲಿ ಬದಲಾಗುತ್ತದೆ. ಪ್ರತಿ ಸಲ ಮೂರು ಸಾಲು ಸಾಕು: ತಾರೀಕು ಮತ್ತು ನಕ್ಷತ್ರ; ಕೇಳಿದ್ದು, ಕಂಡದ್ದು; ಯಾವ ಮರ ಹೂ ಬಿಟ್ಟಿದೆ, ಯಾವುದು ಹಣ್ಣಾಗಿದೆ. ಮೂರನೆಯ ಸಾಲನ್ನು ಯಾರೂ ಬರೆಯುವುದಿಲ್ಲ, ಆದರೆ ಎರಡನೇ ವರ್ಷ ಉಪಯೋಗಕ್ಕೆ ಬರುವುದು ಅದೇ.

ಹೆಸರು ಗೊತ್ತಾಗದ ಹಕ್ಕಿಯ ಕೂಗಿಗೆ ಮೊಬೈಲಿನ ಮರ್ಲಿನ್ ಆ್ಯಪ್ ಸಹಾಯ ಮಾಡುತ್ತದೆ. ಅದು ಹೇಳಿದ್ದನ್ನು ಊಹೆ ಎಂದು ತಿಳಿಯಿರಿ, ತೀರ್ಪು ಎಂದಲ್ಲ. ಭೀಮರಾಜ ಹಕ್ಕಿ ಹತ್ತು ಹಕ್ಕಿಗಳ ದನಿ ತೆಗೆದು ಆ್ಯಪನ್ನೂ ನನ್ನನ್ನೂ ಒಟ್ಟಿಗೆ ಬೇಸ್ತು ಬೀಳಿಸಿದ್ದಿದೆ. ಕಂಡದ್ದನ್ನು ಹಕ್ಕಿಗಳ ಲೆಕ್ಕ ಇಡುವ ಇ-ಬರ್ಡ್‌ ಜಾಲತಾಣದಲ್ಲಿ ಹಾಕಿದರೆ ನಿಮ್ಮ ಊರಿನ ಲೆಕ್ಕವೂ ದಾಖಲಾಗುತ್ತದೆ. ಆ್ಯಪಿಗಿಂತ ಮೊದಲು ಕೇಳಬೇಕಾದವರು ಕೊನೆಗೌಡರು. ವರ್ಷಕ್ಕೆ ಮೂರು ನಾಲ್ಕು ಸಲ ಅಡಕೆ ಮರದ ತುದಿಗೇರಿ, ಮರದಿಂದ ಮರಕ್ಕೆ ದಾಟುವವರಿಗೆ ನಮಗೆ ಕೆಳಗಿನಿಂದ ಕಾಣದ ಗೂಡುಗಳೆಲ್ಲ ಗೊತ್ತು.

ಮಳೆಗಾಲ: ಟಾರ್ಚು ಹಿಡಿದು, ನಿಧಾನ

ಪ್ರವಾಸಿಗಳ ಲೆಕ್ಕದಲ್ಲಿ ಮಳೆಗಾಲ ಎಂದರೆ ಜಲಪಾತ. ನಿಜ ಹೇಳಬೇಕೆಂದರೆ ಜೀವಿಗಳನ್ನು ನೋಡಲು ನಮ್ಮಲ್ಲಿ ಇದರಷ್ಟು ತುಂಬಿದ ಕಾಲ ಇನ್ನೊಂದಿಲ್ಲ, ಅದೂ ಅಂಗಳ ಬಿಟ್ಟು ದೂರ ಹೋಗದೆ.

ಮೇ ಕೊನೆಗೆ ಶುರುವಾಗುವ ರೋಹಿಣಿ ಮಳೆಗೆ ಮುಂಚಿನ ಒಂದೆರಡು ಸೆಕೆಯ ರಾತ್ರಿಗಳಲ್ಲಿ ಮಿಂಚುಹುಳ. ಹೊರಗಿನ ಲೈಟು ಆರಿಸಿ ಜಗಲಿಯಲ್ಲಿ ಕೂತರೆ ಸಾಕು. ಎಲ್ಇಡಿ ಬೀದಿದೀಪ ಬಂದ ಕಡೆ ಅವು ಕಡಿಮೆ ಕಾಣುತ್ತವೆ. ಬೆಳಕಿನಲ್ಲೇ ಜೋಡಿ ಹುಡುಕುವ ಹುಳಕ್ಕೆ ನಮ್ಮ ಬೆಳಕು ಅಡ್ಡಿ. ಅದೇ ದಿನಗಳಲ್ಲಿ ಹಳೇ ಮಾವು, ಹಲಸಿನ ಕೊಂಬೆಗಳಲ್ಲಿ ಸೀತಾಳೆ ದಂಡೆ ಜೋತಾಡುತ್ತಿರುತ್ತದೆ. ಮೃಗಶಿರದ ಮೊದಲ ದೊಡ್ಡ ನೆರೆಗೆ ಹಳ್ಳದಿಂದ ಗದ್ದೆಗೆ ಮೀನು ಹತ್ತುತ್ತವೆ. ಹತ್ತುಮೀನು ಕಡಿಯುವ ಸಂಭ್ರಮ ಗೊತ್ತಿದ್ದವರಿಗೆ ಗೊತ್ತು. ಅವು ಹತ್ತುವುದು ಮೊಟ್ಟೆ ಇಡಲು. ಒಂದು ವರ್ಷ ಕತ್ತಿ ಮನೆಯಲ್ಲಿಟ್ಟು ಬರೀ ಟಾರ್ಚು ಹಿಡಿದು ಹೋಗಿ ನೋಡಿ. ಅಂಗೈ ಆಳದ ನೀರಿನಲ್ಲಿ ಬೆನ್ನು ಹೊರಗೆ ಮಾಡಿಕೊಂಡು ಒಂದು ಮೀನು ಬದು ದಾಟುವುದನ್ನು ನೋಡಲು ಸಿಗುತ್ತದೆ.

ಇನ್ನು ಕಪ್ಪೆಗಳು. ತೋಟದ ಕೆರೆಯ ಮೇಲೆ ಬಾಗಿದ ಕೊಂಬೆಯಲ್ಲಿ ಸೋಪಿನ ನೊರೆಯಂಥ ಮುದ್ದೆ ಕಂಡರೆ ಅದು ಹಾರುವ ಕಪ್ಪೆಯ ಗೂಡು. ಹಸಿರು ಮೈ, ಬೆರಳ ನಡುವೆ ಕೆಂಪು ಪರೆ. ನೊರೆಯೊಳಗೆ ಮೊಟ್ಟೆ ಇರುತ್ತದೆ, ವಾರ ಕಳೆಯುವ ಹೊತ್ತಿಗೆ ಮರಿಗಳು ಒಂದೊಂದಾಗಿ ಕೆಳಗಿನ ನೀರಿಗೆ ಉದುರುತ್ತವೆ. ಕೆಳಗೆ ನೀರಿಲ್ಲದಂತೆ ಮಾಡಿದರೆ ಇಡೀ ಸಂಸಾರ ಹೋಯಿತು. ಮಳೆಗಾಲದ ಮಧ್ಯೆ ಕೆರೆ ಖಾಲಿ ಮಾಡುವ ಕೆಲಸವಿದ್ದರೆ ಒಮ್ಮೆ ಮೇಲೆ ನೋಡಿ.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಕಡೆಯ ಹಳ್ಳಗಳಲ್ಲಿ ಇನ್ನೊಬ್ಬ ಇದ್ದಾನೆ, ಕುಂಬಾರ ಕಪ್ಪೆ. ವಿಜ್ಞಾನಕ್ಕೆ ಹೊಸ ಪ್ರಭೇದವೆಂದು ದಾಖಲಾದದ್ದು 2014ರಲ್ಲಿ. ಹೆಣ್ಣು ನೀರಿನ ಮೇಲಿನ ಕಡ್ಡಿಗೆ ಮೊಟ್ಟೆ ಅಂಟಿಸಿ ಹೋದ ಮೇಲೆ ಗಂಡು ಹಳ್ಳದ ಕೆಸರನ್ನು ಮುಂಗೈಯಲ್ಲಿ ಬಾಚಿ ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ, ಮಡಕೆಗೆ ಮಣ್ಣು ಹಚ್ಚಿದ ಹಾಗೇ. ಕೂಗೂ ಮಡಕೆ ತಟ್ಟಿದಂತೆ, ಟೊಕ್ ಟೊಕ್. ಆ ಪ್ರದೇಶದಲ್ಲಿ ರಾಂಪತ್ರೆ ಜಡ್ಡಿಗಳಿವೆ, ಬೇರುಗಳು ಮೊಣಕಾಲಿನಂತೆ ನೀರಿನ ಮೇಲೆದ್ದ ಹಳೆಯ ಜೌಗು ಕಾಡು. ಅಲ್ಲಿ ಕಾಲಿಟ್ಟಲ್ಲೆಲ್ಲ ಯಾವುದೋ ಮೊಟ್ಟೆಯೋ ಮರಿಯೋ ತುಳಿಯುವ ಸಂಭವ. ಗೊತ್ತಿದ್ದವರ ಜೊತೆ, ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ಬಿಡದೆ ಹೋಗುವುದಾದರೆ ಹೋಗಿ. ಇಲ್ಲದಿದ್ದರೆ ಮನೆ ಹಳ್ಳದ ಕಪ್ಪೆಯೇ ಸಾಕು, ಅದೂ ಕೂಗುತ್ತದೆ.

ಉಂಬಳಕ್ಕೆ (ಜಿಗಣೆಗೆ) ಹೆದರಿ ಮನೆಯಲ್ಲಿ ಕೂರಬೇಡಿ. ಪ್ಯಾಂಟನ್ನು ಸಾಕ್ಸಿನೊಳಗೆ ತೂರಿಸಿ, ಸಾಕ್ಸಿಗೆ ಹೊಗೆಸೊಪ್ಪು ನೆನೆಸಿದ ನೀರು ಹಚ್ಚಿ. ಕಚ್ಚಿದ ಮೇಲೆ ಎಳೆಯದೆ ಚೂರು ಉಪ್ಪು ಮುಟ್ಟಿಸಿದರೆ ಬಿಡುತ್ತದೆ.

ಮಳೆಗಾಲದಲ್ಲಿ ಒಂದೇ ಒಂದು ಕಡೆ ಪ್ರವಾಸ ಹೋಗುವುದಿದ್ದರೆ ಸೋಂದಾ ಹತ್ತಿರದ ಮುಂಡಿಗೆಕೆರೆಗೆ ಹೋಗಿ. ಕೆರೆಯ ನಡುವೆ ಬೆಳೆದ ಮುಂಡಿಗೆ ಗಿಡಗಳ ಮುಳ್ಳಿನ ಎಲೆಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಗದ್ದೆಯಲ್ಲಿ ದನದ ಹಿಂದೆ ಬೆಳ್ಳಗೆ ಓಡಾಡುವ ಅದೇ ಹಕ್ಕಿಗೆ ಈಗ ತಲೆ, ಕತ್ತಿನ ಮೇಲೆ ಕಿತ್ತಳೆ ಬಣ್ಣದ ಪುಕ್ಕ ಬಂದಿರುತ್ತದೆ. ಸಂಜೆ ಐದೂವರೆಗೆ ಹೋದರೆ ಮೇವು ಮುಗಿಸಿ ಸಾಲು ಸಾಲಾಗಿ ಬಂದಿಳಿಯುವುದು ಕಾಣುತ್ತದೆ. ಗಲಾಟೆ ಎಂದರೆ ಜಾತ್ರೆ ಗಲಾಟೆ. ಮರಿಗಳಿರುವ ಕಾಲ, ಕಲ್ಲೆಸೆದು ಹಾರಿಸಿ ಫೋಟೋ ತೆಗೆಯುವವರನ್ನು ಕಂಡರೆ ಬೈಯಲು ಸಂಕೋಚ ಬೇಡ.

ಹಸ್ತದಿಂದ ಮುಂದೆ: ಕೆಳಗಿಳಿಯಿರಿ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಆಗಸ್ಟಿನಲ್ಲಿ ಬಂದರುಗಳು ಮತ್ತೆ ಎದ್ದ ಮೇಲೆ ಗರುಡಗಳು ದಕ್ಕೆಯ ಮೇಲೆ ಸುತ್ತತೊಡಗುತ್ತವೆ. ಹಸ್ತ, ಚಿತ್ತಾ ಮಳೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರಿನಲ್ಲಿ, ಉತ್ತರದ ಚಳಿ ದೇಶಗಳಿಂದ ಕೆಸರಿನಲ್ಲಿ ಮೇಯುವ ಗೊರವ ಹಕ್ಕಿಗಳು ಬಂದಿರುತ್ತವೆ. ಅವುಗಳ ಹಿಂದೆ ಕಡಲಕ್ಕಿಗಳು. ಇನ್ನು ಮಾರ್ಚಿನವರೆಗೆ ನಮ್ಮ ಅಳಿವೆಗಳೆಲ್ಲ ಅವುಗಳ ಊಟದ ಮನೆ.

ಶಿರಸಿ ಪೇಟೆಯ ಶಂಕರಹೊಂಡದಲ್ಲಿ ಹುಟ್ಟುತ್ತದೆ ಎನ್ನುವ ಅಘನಾಶಿನಿ, ಎಲ್ಲೂ ಅಣೆಕಟ್ಟಿಗೆ ಸಿಕ್ಕದೆ ಸುಮಾರು 120 ಕಿ.ಮೀ. ಹರಿದು ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಆ ಅಳಿವೆ 2024ರಲ್ಲಿ ಮುಖ್ಯ ಜೌಗು ನೆಲೆಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್‌ಗೆ ಸೇರಿತು. ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕಗ್ಗ ಭತ್ತ ಬೆಳೆಯುವ ಉಪ್ಪುನೀರಿನ ಗದ್ದೆ ಗಜನಿ, ಸಾಣಿಕಟ್ಟಾದ ಉಪ್ಪಿನ ಆಗರ, ಬಳಚು (ಚಿಪ್ಪುಮೀನು) ಆರಿಸುವ ಹೆಂಗಸರು, ಹಕ್ಕಿಗಳು, ಎಲ್ಲ ಒಂದೇ ಕೆಸರನ್ನು ಹಂಚಿಕೊಂಡಿರುವ ಜಾಗ. ಆಗರದ ದಂಡೆಯ ಮೇಲೆ ನಿಂತರೆ ಕಾಲು ಒದ್ದೆಯಾಗದೆ ಗೊರವಗಳನ್ನು ನೋಡಬಹುದು. ಕತ್ತಿಯಂತೆ ಕೆಳಗೆ ಬಾಗಿದ ಗೇಣುದ್ದದ ಕೊಕ್ಕಿನ ದೊಡ್ಡ ಗೊರವ ಸಿಕ್ಕರೆ ಅವತ್ತಿನ ಬಸ್ ಚಾರ್ಜು ವಸೂಲು.

ಇಲ್ಲಿ ಗಡಿಯಾರಕ್ಕಿಂತ ಭರತ ಇಳಿತದ ಲೆಕ್ಕ ಮುಖ್ಯ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಮರುದಿನ ಅದೇ ಇಳಿತ ಸುಮಾರು ಐವತ್ತು ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಅತಿ ದೂರ ಹಿಂದೆ ಸರಿಯುತ್ತದೆ. ಪೂರ್ತಿ ಇಳಿದಾಗ ಹಕ್ಕಿಗಳು ದೂರದ ಕೆಸರಿನಲ್ಲಿ ಚುಕ್ಕಿಗಳಾಗಿರುತ್ತವೆ. ಇಳಿತ ಮುಗಿದು ನೀರು ಏರತೊಡಗಿದ ಮೊದಲ ಒಂದು ತಾಸು ಒಳ್ಳೆಯದು. ನೀರು ದೂಡಿದ ಹಾಗೆ ಹಕ್ಕಿಗಳು ತಾವಾಗಿ ನಿಮ್ಮ ಕಡೆ ಬರುತ್ತವೆ.

ಈ ಬುದ್ಧಿ ನನಗೆ ಬಂದದ್ದು ಒಂದು ಚಪ್ಪಲಿ ಕಳೆದುಕೊಂಡು. ಹಕ್ಕಿಯ ಹತ್ತಿರ ಹೋಗುವ ಆಸೆಗೆ ಕೆಸರಿಗಿಳಿದು ಮೊಣಕಾಲಿನ ತನಕ ಹೂತುಕೊಂಡೆ. ಕಾಲಿನ ಪಕ್ಕ ಒಂದೇ ಕೊಂಬು ದೊಡ್ಡದಿರುವ ಸಣ್ಣ ಏಡಿಗಳು ಆ ಕೊಂಬನ್ನೆತ್ತಿ ಎತ್ತಿ ಆಡಿಸುತ್ತಿದ್ದವು. ಅದನ್ನು ನೋಡುತ್ತ ಹೊತ್ತು ಮರೆತೆ. ಬುಟ್ಟಿ ತುಂಬ ಬಳಚು ಹೊತ್ತು ಹೊರಟಿದ್ದ ಹೆಂಗಸೊಬ್ಬರು ದೂರದಿಂದಲೇ "ತಮಾ, ನೀರು ತಿರಗ್ತು, ಮೇಲೆ ಬಾ" ಎಂದು ಕೂಗಿದರು. ಹಿಂದೆ ನೋಡಿದರೆ ನಾನು ಬಂದ ದಾರಿಯಲ್ಲಿ ಆಗಲೇ ನೀರು ಮಿನುಗುತ್ತಿತ್ತು. ಬರಿಗಾಲಲ್ಲಿ ದಂಡೆ ಸೇರಿದೆ. ಕೆಸರಿಗಿಳಿಯದೆ ಏಡಿ, ಕೆಸರಿನ ಮೇಲೆ ಜಿಗಿಯುವ ಮೀನು ನೋಡಬೇಕೆಂದರೆ ಹೊನ್ನಾವರದಲ್ಲಿ ಶರಾವತಿ ಹಿನ್ನೀರಿನ ಕಾಂಡ್ಲಾ ನಡುವೆ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಲು ಅದೇ ಸರಿ.

ಕಾರವಾರದ ಕಡಲಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳಿವೆ. ದಡದ ಹತ್ತಿರದ ಆಳ ಕಡಿಮೆಯ ನೀರು, ಅಳಿವೆಯ ಬಾಯಿ ಅವಕ್ಕೆ ಇಷ್ಟ. ಮಳೆಗಾಲ ಮುಗಿದು ಸಮುದ್ರ ತಣ್ಣಗಾದ ಮೇಲೆ ದಂಡೆಯ ಬಂಡೆಯಿಂದಲೇ ಬೆನ್ನು ಕಂಡದ್ದುಂಟು. ಒಮ್ಮೆ ದೋಣಿಯಲ್ಲಿ ಹೋದಾಗ ನಮ್ಮ ದೋಣಿಯೂ ಇನ್ನೆರಡೂ ಸೇರಿ ಒಂದು ತಾಯಿ ಮರಿಯನ್ನು ಮೂರು ಕಡೆಯಿಂದ ಅಟ್ಟಿಸಿಕೊಂಡು ಹೋದವು. ಎಲ್ಲರೂ ಕೇಕೆ ಹಾಕಿದರು. ದುಡ್ಡು ಕೊಟ್ಟವರಲ್ಲಿ ನಾನೂ ಒಬ್ಬನಾಗಿದ್ದೆ ಎಂಬುದು ಇವತ್ತಿಗೂ ಕಿರಿಕಿರಿ. ಈಗ ಹತ್ತುವ ಮೊದಲೇ ಹೇಳುತ್ತೇನೆ: ಕಂಡರೂ ಅಷ್ಟೇ ದುಡ್ಡು, ಕಾಣದಿದ್ದರೂ ಅಷ್ಟೇ, ದೂರದಲ್ಲಿ ಎಂಜಿನ್ ಬಂದ್ ಮಾಡಿ. ಬಂದ್ ಮಾಡಿದರೆ ಅವು ಉಸಿರು ಬಿಡುವ ಸದ್ದು ಕೇಳುತ್ತದೆ.

ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆ ಇಡಲು ಮರಳಿಗೆ ಹತ್ತುತ್ತದೆ. ಒಂದು ಗೂಡಿಗೆ ನೂರರ ಆಸುಪಾಸು ಮೊಟ್ಟೆ, ಮರಿಯಾಗಲು ಒಂದೂವರೆಯಿಂದ ಎರಡು ತಿಂಗಳು. ಬೆಳಗ್ಗೆ ಮರಳಿನ ಮೇಲೆ ಟ್ರ್ಯಾಕ್ಟರ್ ಚಕ್ರದಂಥ ಗುರುತು ಕಂಡರೆ ತುಳಿಯದೆ, ಕೆದಕದೆ ಅರಣ್ಯ ಇಲಾಖೆಗೆ ತಿಳಿಸಿ. ಇಲಾಖೆಯವರು ಮೀನುಗಾರರ ಜೊತೆ ಸೇರಿ ಗೂಡಿಗೆ ಬೇಲಿ ಕಟ್ಟುತ್ತಾರೆ. ಮರಿ ಹೊರಬರುವಾಗ ನೋಡುವ ಯೋಗ ಬಂದರೆ ಮೊಬೈಲಿನ ಲೈಟು ಹಾಕಬೇಡಿ. ಮರಿಗೆ ಬೆಳಕಿರುವ ಕಡೆಯೇ ಸಮುದ್ರ.

ಚಳಿಗಾಲ: ಒಂದು ಹೂವಿನ ಮರ

ಇದು ಬಹಳ ಸುಲಭದ ಕಾಲ, ಹೆಚ್ಚು ಹೇಳುವುದಿಲ್ಲ. ಎಲೆ ಉದುರಿಸಿ ಹೂ ಬಿಟ್ಟ ಒಂದು ಬೂರುಗವನ್ನೋ ಹಾಲವಾಣವನ್ನೋ ಹುಡುಕಿ, ಸೂರ್ಯನನ್ನು ಬೆನ್ನಿಗೆ ಮಾಡಿಕೊಂಡು ಕೆಳಗೆ ಕೂರಿ. ಸೂರಕ್ಕಿ, ಎಲೆಹಕ್ಕಿ, ಮೈನಾ, ಕಾಜಾಣ, ಕೆಂದಳಿಲು, ಮುಸಿಯ, ಪಾಳಿಯ ಮೇಲೆ ಬರುತ್ತವೆ. ಹೂ ಮುಗಿದ ಮೇಲೆ ಹಣ್ಣಾದ ಆಲ, ಅತ್ತಿ ನೋಡಿಕೊಳ್ಳಿ. ಅಲ್ಲಿ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಸಿಗುತ್ತದೆ. ನಮ್ಮ ತೋಟಗಳಲ್ಲಿ ಕೆಟ್ಟದಾಗಿ ನಗುವ ಬೂದು ಮಂಗಟ್ಟೆ ಸಾಮಾನ್ಯ. ದೊಡ್ಡದು, ಕಪ್ಪು ಬಿಳಿಯದು ಬೇಕಾದರೆ ದಾಂಡೇಲಿಯ ಟಿಂಬರ್ ಡಿಪೋ ಸುತ್ತ ಬೆಳಗ್ಗೆ ನಿಂತು ನೋಡಿ. ಬೇಸಿಗೆ ಶುರುವಾಗುವಾಗ ಹೆಣ್ಣು ಮರದ ಪೊಟರೆಯೊಳಗೆ ಕೂತು ಒಂದು ಸೀಳು ಮಾತ್ರ ಬಿಟ್ಟು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಗಂಡು ಆ ಸೀಳಿನಲ್ಲಿ ಹಣ್ಣು ತಂದು ಕೊಡುತ್ತದೆ. ಪೊಟರೆ ಗೊತ್ತಾದರೂ ಹತ್ತಿರ ಹೋಗಬೇಡಿ, ಜಾಗವನ್ನು ವಾಟ್ಸಾಪಿಗೆ ಹಾಕಬೇಡಿ. ಗಂಡು ಹೆದರಿ ಬಾರದಿದ್ದರೆ ಒಳಗಿರುವವರಿಗೆ ಊಟವಿಲ್ಲ. ಮುಂಡಗೋಡ ಕಡೆಯವರಿಗೆ ಅತ್ತಿವೇರಿ ಪಕ್ಷಿಧಾಮ ಇದೇ ತಿಂಗಳುಗಳಲ್ಲಿ ಚೆಂದ.

ಬೇಸಿಗೆ: ಅಡಕೆ ಮರದ ಕಾಂಡ ನೋಡುತ್ತ ನಿಲ್ಲಿ

ದರಕು (ಒಣಗಿದ ಎಲೆ) ಗುಡಿಸುವ ದಿನಗಳಲ್ಲಿ ಬೆಳಗ್ಗೆ ಒಂಬತ್ತರ ಮೇಲೆ ತೋಟಕ್ಕೆ ಹೋಗಿ. ಎಳೆ ಬಿಸಿಲು ಬಿದ್ದ ಅಡಕೆ ಮರಗಳನ್ನು ಬುಡದಿಂದ ಎರಡಾಳೆತ್ತರದವರೆಗೆ ಒಂದೊಂದಾಗಿ ಕಣ್ಣಲ್ಲಿ ಸವರಿ. ಕಲೆಯಂಥದ್ದು ಯಾವುದೋ ಒಂದು ಕಲೆ ಅಲ್ಲ, ಹಾರುವ ಓತಿ. ಗೇಣಿಗಿಂತ ತುಸು ಉದ್ದ, ಮರದ ತೊಗಟೆಯದೇ ಬಣ್ಣ. ಗಂಡಾದರೆ ಗಂಟಲಡಿಯಿಂದ ನಿಂಬೆ ಹಳದಿಯ ಪುಟ್ಟ ಬಾವುಟ ಮುಂದೆ ಚಾಚಿ ಮುಚ್ಚುತ್ತದೆ, ಚಾಚಿ ಮುಚ್ಚುತ್ತದೆ. ಇರುವೆ ಸಾಲಿನ ಪಕ್ಕ ಕೂತು ಒಂದೊಂದನ್ನೇ ನೆಕ್ಕುವುದನ್ನು ಕಾಲು ತಾಸು ನೋಡಿದ್ದೇನೆ. ಆಮೇಲೆ ತಲೆ ಕೆಳಗೆ ಮಾಡಿ, ಪಕ್ಕೆಲುಬು ಬಿಚ್ಚಿ, ಕೆಂಚು ಪರೆ ಹರಡಿ ತೇಲಿ ಮುಂದಿನ ಮರದ ಬುಡಕ್ಕೆ ಅಂಟುತ್ತದೆ. ಸದ್ದೇ ಇಲ್ಲ. ಹೆಣ್ಣು ನೆಲಕ್ಕಿಳಿಯುವುದು ಮಣ್ಣಿನಲ್ಲಿ ಮೊಟ್ಟೆ ಇಡಲು ಮಾತ್ರ. ನಮ್ಮ ತೋಟ ಇಷ್ಟು ದೊಡ್ಡ ವಿಚಿತ್ರವನ್ನು ಸಾಕಿಕೊಂಡಿದೆ ಎಂದು ನನಗೆ ನಲವತ್ತು ವರ್ಷ ಗೊತ್ತಿರಲಿಲ್ಲ. ಕೊನೆಗೌಡ ಬೆರಳು ತೋರಿಸಿದ ಮೇಲೆ ಕಣ್ಣು ಬಂತು.

ಹುಷಾರಿನ ಮಾತು

ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದ ಇದು ಸಿದ್ದಾಪುರ, ಶಿರಸಿ, ಹೊನ್ನಾವರ ಕಡೆಯೂ ಬರುತ್ತದೆ. ಹರಡುವುದು ಉಣುಗಿನಿಂದ. ಮಂಗ ಸತ್ತ ಸುದ್ದಿ ಇರುವ ಕಾಡಿಗೆ ಹೋಗಬೇಡಿ, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ಹೇಳಿ. ಆಶಾ ಕಾರ್ಯಕರ್ತೆಯರು ಕೊಡುವ, ಉಣುಗು ದೂರವಿಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿ, ಬಂದ ತಕ್ಷಣ ಬಿಸಿನೀರು ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ.

ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ; ಆ ಅಂಗ ಅಲ್ಲಾಡಿಸದೆ ನೇರ ಆಸ್ಪತ್ರೆಗೆ. ಘಟ್ಟದ ರಸ್ತೆಯಲ್ಲಿ ಮಂಗಗಳಿಗೆ ಬಾಳೆಹಣ್ಣು ಕೊಡುವ ಪುಣ್ಯವೂ ಬೇಡ. ಹಾಗೆ ರಸ್ತೆಗಿಳಿದು ಕಲಿತವು ವಾಹನದಡಿ ಸಾಯುತ್ತವೆ. ಶಿರಸಿ, ಹೊನ್ನಾವರದ ನಡುವಿನ ಕಾಡಿನಲ್ಲಿ ಸಿಂಗಳೀಕಗಳೂ ಇವೆ, ಅವುಗಳ ನೆಲೆ ಉತ್ತರಕ್ಕೆ ಚಾಚಿರುವುದು ಇಲ್ಲಿಯತನಕ ಮಾತ್ರ.

ಗಾಯಗೊಂಡ ಪ್ರಾಣಿ ಸಿಕ್ಕರೆ ಅರಣ್ಯ ಸಹಾಯವಾಣಿ 1926. ಸಣ್ಣ ಹಕ್ಕಿ ಗಾಜಿಗೆ ಬಡಿದು ಬಿದ್ದರೆ ಮಾತ್ರ ಮನೆಯಲ್ಲೇ ಮಾಡುವುದೊಂದಿದೆ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಒಳಗಿಟ್ಟು ಮುಚ್ಚಿ, ಬೆಕ್ಕು ಬರದ ಕಡೆ ಇಡಿ. ನೀರು ಕುಡಿಸಲು ಹೋಗಬೇಡಿ, ಐದು ನಿಮಿಷಕ್ಕೊಮ್ಮೆ ತೆರೆದು ನೋಡಬೇಡಿ. ಹೋದ ವರ್ಷ ಸ್ವಾತಿ ಮಳೆಯಲ್ಲಿ ನಮ್ಮ ಕಿಟಕಿಗೆ ಒಂದು ನವರಂಗ ಬಡಿಯಿತು. ಉತ್ತರದಿಂದ ರಾತ್ರಿಯೆಲ್ಲ ಹಾರಿ ಚಳಿಗಾಲಕ್ಕೆಂದು ಬರುವ ಹಕ್ಕಿ ಅದು. ಅಂಗೈಯಲ್ಲಿ ತೂಕವೇ ಗೊತ್ತಾಗಲಿಲ್ಲ; ಬಾಲದಡಿಯ ಕೆಂಪು ಮಾತ್ರ ಕುಂಕುಮದಷ್ಟು ಕೆಂಪು. ಚಪ್ಪಲಿ ಡಬ್ಬಿಯಲ್ಲಿಟ್ಟೆ. ಮೂರು ತಾಸಿನ ಮೇಲೆ ಒಳಗೆ ಪರಪರ ಸದ್ದು. ತೋಟದ ಅಂಚಿಗೆ ಒಯ್ದು ಮುಚ್ಚಳ ತೆಗೆದೆ. ಒಂದು ನಿಮಿಷ ನನ್ನನ್ನೇ ನೋಡಿತು, ಆಮೇಲೆ ಎರಡು ಕುಪ್ಪಳಕ್ಕೆ ಏಲಕ್ಕಿ ಗಿಡದಡಿ ಹೋಯಿತು. ಮರುದಿನ ಬೆ‌ಳಕು ಹರಿಯುವಾಗ ಬೆಟ್ಟದ ಕಡೆಯಿಂದ ಎರಡು ಸ್ವರದ ಸಿಳ್ಳು ಕೇಳಿತು. ಅದೇ ಹಕ್ಕಿಯೋ ಬೇರೆಯದೋ, ನೋಟ್‌ಬುಕ್ಕಿನಲ್ಲಿ "ಸ್ವಾತಿ, ನವರಂಗ, 1" ಎಂದಷ್ಟೇ ಬರೆದೆ.